ಡಿ ಡ್ರೈವ್ ಅಂದ್ರೆ ಇನ್ನೊಂದು ಡಿಸ್ಕ್ ಅಲ್ಲ

ಪ್ರಶ್ನೆ: ಅಕ್ಕ, ನಮ್ಮದು ಆರು ವರ್ಷದ ಲ್ಯಾಪ್‌ಟಾಪ್. ಆನ್ ಆಗಲು ಐದು ನಿಮಿಷ ಬೇಕು. ತೋಟದ ಲೆಕ್ಕ, ಮಗಳ ಮದುವೆ ಫೋಟೋ ಎಲ್ಲಾ ಅದರಲ್ಲೇ ಇದೆ. ಒಂದು ಅಂಗಡಿಯಲ್ಲಿ ‘ಮೆಮೊರಿ ಸಾಲದು’ ಅಂದರು. ಇನ್ನೊಂದರಲ್ಲಿ ‘ಎಂ.2 ಹಾಕಿಸಿ’ ಅಂದರು. ಎರಡೂ ಒಂದೇನಾ? 1 ಟಿಬಿ ಡಿಸ್ಕ್ ಅಂತ ಕೊಂಡದ್ದು, ಸಿ ಮತ್ತು ಡಿ ಸೇರಿಸಿದರೆ 931 ಜಿಬಿ ಮಾತ್ರ ಇದೆ. ಇದು ಮೋಸವಾ? ಫೋಟೋಗಳ ಇನ್ನೊಂದು ಪ್ರತಿ ಡಿ ಡ್ರೈವ್‌ನಲ್ಲಿದೆ, ಅದರ ಚಿಂತೆ ಇಲ್ಲ.
– ಸೋಮವಾರಪೇಟೆ ಕಡೆಯ ಓದುಗರು

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲು ಓದಿ ನನಗೆ ಚಿಂತೆ ಹತ್ತಿತು. ಅದನ್ನೇ ಮೊದಲು ಹೇಳುತ್ತೇನೆ.

ಸಿ, ಡಿ ಅನ್ನುವುದು ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಪಾಲು. ಇದಕ್ಕೆ ಪಾರ್ಟಿಷನ್ ಅನ್ನುತ್ತಾರೆ. ತೋಟದ ಲೈನ್ ಮನೆ ನೋಡಿದ್ದೀರಲ್ವಾ? ಬಾಗಿಲು ಬೇರೆ ಬೇರೆ, ಮಾಡು ಒಂದೇ. ಮಾಡು ಕುಸಿದರೆ ಎಲ್ಲಾ ಕೋಣೆಯೂ ಒದ್ದೆ. ಗೋಣಿಕೊಪ್ಪಲಿನಲ್ಲಿ ರಿಪೇರಿ ಅಂಗಡಿ ಶುರು ಮಾಡುವ ಮೊದಲು ನಾನೂ ಅಪ್ಪನ ಲೆಕ್ಕವನ್ನು ಡಿ ಡ್ರೈವ್‌ಗೆ ಕಾಪಿ ಮಾಡಿ ನೆಮ್ಮದಿಯಾಗಿದ್ದೆ. ಒಂದು ಜುಲೈ ರಾತ್ರಿ ಕರೆಂಟು ಹೋಗಿ ಬಂದು ಮಾಡಿತು. ಬೆಳಿಗ್ಗೆ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿತ್ತು, ಅಷ್ಟೇ. ಒಂಬತ್ತು ವರ್ಷದ ಕಾಫಿ, ಮೆಣಸಿನ ಲೆಕ್ಕ ಹೋಯಿತು. ಅಪ್ಪ ಏನೂ ಅನ್ನಲಿಲ್ಲ. ಹೊಸ ನೋಟ್‌ಬುಕ್ ತೆಗೆದು ಕೈಯಲ್ಲೇ ಬರೆಯಲು ಕೂತರು. ಈ ಕೆಲಸ ಕಲಿಯಲೇಬೇಕು ಅಂತ ನನಗೆ ಅನಿಸಿದ್ದು ಅವತ್ತು.

ಈಗ ಮೆಮೊರಿ. ಅಂಗಡಿಯಲ್ಲಿ ಈ ಒಂದೇ ಪದವನ್ನು ಎರಡು ವಸ್ತುವಿಗೆ ಬಳಸುತ್ತಾರೆ. ಮೊದಲನೆಯದು ರ‍್ಯಾಮ್. ಅದು ಕಾಫಿ ಒಣಗಿಸುವ ಕಣ ಇದ್ದಂತೆ. ಈಗ ಕೆಲಸ ನಡೆಯುತ್ತಿರುವುದೆಲ್ಲ ಅಲ್ಲಿ ಹರಡಿರುತ್ತದೆ, ಕರೆಂಟು ಹೋದರೆ ಖಾಲಿ. ಎರಡನೆಯದು ಸ್ಟೋರೇಜ್, ಅಂದರೆ ಗೋದಾಮು. ಕರೆಂಟು ಇಲ್ಲದಿದ್ದರೂ ಅದರಲ್ಲಿಟ್ಟದ್ದು ಉಳಿಯುತ್ತದೆ. ಹಾಗಾಗಿ ‘ಮೆಮೊರಿ ಸಾಲದು’ ಅಂದವರನ್ನು ‘ರ‍್ಯಾಮಾ, ಸ್ಟೋರೇಜಾ?’ ಅಂತ ಕೇಳಿ.

ನಿಮ್ಮ ಗೋದಾಮು ಹಾರ್ಡ್ ಡಿಸ್ಕ್ ಇರಬೇಕು. ಅದರೊಳಗೆ ಕನ್ನಡಿಯಂಥ ತಟ್ಟೆಗಳಿವೆ, ಪ್ಲ್ಯಾಟರ್ ಅಂತ ಹೆಸರು. 5400 ಆರ್‌ಪಿಎಂ ಅಂದರೆ ಆ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಸೆಕೆಂಡಿಗೆ 90. ಓದುವ ಹೆಡ್ ಅದನ್ನು ಮುಟ್ಟುವುದೇ ಇಲ್ಲ. ಕೂದಲಿನ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ ತೇಲುತ್ತದೆ. ಆನ್ ಇರುವ ಲ್ಯಾಪ್‌ಟಾಪನ್ನು ಜೀಪಿನಲ್ಲಿಟ್ಟು ತೋಟದ ರಸ್ತೆಯಲ್ಲಿ ಹೋಗಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಗೋದಾಮಿನ ಹೊಸ ಬಗೆ ಎಸ್‌ಎಸ್‌ಡಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಬರೀ ಎಲೆಕ್ಟ್ರಾನಿಕ್ ಚಿಪ್. ನಿಮ್ಮ ಐದು ನಿಮಿಷದ ಕಾಯುವಿಕೆಗೆ ಜಾಸ್ತಿ ಕೆಲಸಕ್ಕೆ ಬರುವುದು ಇದೇ.

ಎಂ.2 ವಿಷಯದಲ್ಲಿ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಎಂ.2 ಅನ್ನುವುದು ಎಸ್‌ಎಸ್‌ಡಿಯ ಒಂದು ಆಕಾರದ ಹೆಸರು ಮಾತ್ರ, ವೇಗದ್ದಲ್ಲ. ಅಂದರೆ ಅದು ಗೋದಾಮಿನ ಮಾತು, ರ‍್ಯಾಮಿನದ್ದಲ್ಲ. ಮೇಲೆ 2280 ಅಂತ ಇದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಅದೇ ಆಕಾರದಲ್ಲಿ ಸಾಟಾ ಬಗೆಯೂ ಸಿಗುತ್ತದೆ, ಎನ್‌ವಿಎಂಇ ಬಗೆಯೂ ಸಿಗುತ್ತದೆ. ಇವೆರಡು ಡಿಸ್ಕ್ ಮತ್ತು ಲ್ಯಾಪ್‌ಟಾಪ್ ಮಾತಾಡಿಕೊಳ್ಳುವ ಬೇರೆ ಬೇರೆ ರೀತಿ. ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಎನ್‌ವಿಎಂಇ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆದರೆ ಲ್ಯಾಪ್‌ಟಾಪಿನ ಸ್ಲಾಟ್ ಸಾಟಾ ಮಾತ್ರ ಒಪ್ಪುವಂಥದ್ದಾದರೆ ಎನ್‌ವಿಎಂಇ ತಂದು ಹಾಕಿದರೂ ಕಾಣಿಸುವುದಿಲ್ಲ. ಎಂ.2 ಸ್ಲಾಟೇ ಇಲ್ಲದಿದ್ದರೂ ಬೇಸರ ಬೇಡ. ಹಳೆ ಡಿಸ್ಕಿನ ಜಾಗದಲ್ಲೇ ಕೂರುವ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸಿಗುತ್ತದೆ.

931 ಮೋಸವಲ್ಲ. ಡಿಸ್ಕ್ ಮಾಡುವವರಿಗೆ 1 ಟಿಬಿ ಅಂದರೆ ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್ ಸಾವಿರದ ಬದಲು 1024ರಿಂದ ಭಾಗಿಸುತ್ತಾ ಹೋಗುತ್ತದೆ. ಅಳೆಯುವ ಸೇರು ಬೇರೆ, ಕಾಫಿ ಅಷ್ಟೇ ಇದೆ.

ಹಳೆ ಡಿಸ್ಕ್ ಎಸೆಯಬೇಡಿ. ಯುಎಸ್‌ಬಿ ಕೇಸಿಂಗ್ ಹಾಕಿಸಿದರೆ ಹೊರಗಿನ ಡಿಸ್ಕ್ ಆಗುತ್ತದೆ. ಆದರೆ ಅದಕ್ಕೂ ಆರು ವರ್ಷವಾಗಿದೆ, ಫೋಟೋಗಳ ಒಂದೇ ಪ್ರತಿ ಅದರಲ್ಲಿ ಬೇಡ. ನಮ್ಮ ಮಳೆಗಾಲದಲ್ಲಿ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಡಿಸ್ಕನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹೊಸ ಎಸ್‌ಎಸ್‌ಡಿಯನ್ನೂ ವರ್ಷಗಟ್ಟಲೆ ಸುಮ್ನೆ ಬೀರುವಿನಲ್ಲಿ ಇಡುವಂತಿಲ್ಲ. ಕರೆಂಟಿಲ್ಲದೆ ಬಹಳ ಕಾಲ ಬಿಟ್ಟರೆ ಚಿಪ್‌ನಲ್ಲಿ ಹಿಡಿದಿಟ್ಟ ಚಾರ್ಜ್ ನಿಧಾನವಾಗಿ ಸೋರಿಹೋಗುತ್ತದೆ, ಅದರ ಜೊತೆ ಫೈಲುಗಳೂ ಹಾಳಾಗಬಹುದು.

ಅಂಗಡಿಗೆ ಹೋಗುವಾಗ ಲ್ಯಾಪ್‌ಟಾಪಿನ ಅಡಿಯಲ್ಲಿರುವ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ, ಸ್ಲಾಟ್ ಯಾವುದು ಅಂತ ಅದರಿಂದ ತಿಳಿಯುತ್ತದೆ. ಅದಕ್ಕೂ ಮೊದಲು, ಇವತ್ತು ಸಂಜೆಯೇ, ಮದುವೆ ಫೋಟೋ ಮತ್ತು ಲೆಕ್ಕದ ಫೋಲ್ಡರನ್ನು ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಮಗಳ ಮನೆಗೆ ಕಳಿಸಿಬಿಡಿ.