ನುಡಿಯಲ್ಲಿದ್ದ ಪುಸ್ತಕಪಟ್ಟಿ ಕೋಹಾಕ್ಕೆ ಹೋದ ಮೇಲೆ ಹುಡುಕಿದರೂ ಸಿಗುವುದಿಲ್ಲ ಯಾಕೆ?

ಕುಮಟಾದ ಕಾಲೇಜು ಗ್ರಂಥಾಲಯದ 6,000 ಕನ್ನಡ ಪುಸ್ತಕಗಳ ಪಟ್ಟಿಯನ್ನು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಿಂದ, ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯುನಿಕೋಡ್‌ಗೆ ತಂದು ಗ್ರಂಥಾಲಯ ತಂತ್ರಾಂಶವಾದ ಕೋಹಾಕ್ಕೆ ಏರಿಸಿದ್ದೀರಿ. ಪರದೆಯಲ್ಲಿ ಹೆಸರು ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ, ಏನಾದರೂ ಕೋರ್ಸ್ ಮಾಡಬೇಕಾ ಅಂತ ಕೇಳಿದ್ದೀರಿ. ಕೋರ್ಸ್ ಆಮೇಲೆ. ನನಗೆ ಮೊದಲ ಅನುಮಾನ ಪಟ್ಟಿಯ ಮೇಲೇ.

ಮೊದಲು ಸೊನ್ನೆ ನೋಡಿ. ಟೈಪ್ ಮಾಡುವವರು ಅನುಸ್ವಾರದ ಬದಲು ಕನ್ನಡದ ೦ ಒತ್ತಿರುತ್ತಾರೆ. ‘ಕಾದ೦ಬರಿ’, ‘ಕಾದಂಬರಿ’ ಎರಡೂ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಶೀರ್ಷಿಕೆ, ಲೇಖಕರ ಕಾಲಂಗಳನ್ನಷ್ಟೇ ಆಯ್ದು ೦ ಅನ್ನು ಅನುಸ್ವಾರಕ್ಕೆ ಬದಲಿಸಿ. ಇಸವಿಯ ಕಾಲಂ ಸೇರಿಸಿದರೆ ೨೦೦೪ ಕೆಟ್ಟುಹೋಗುತ್ತದೆ.

ಆಮೇಲೆ ಅರ್ಕಾವತ್ತು. ನುಡಿಯ ಹಳೆಯ ಆಸ್ಕಿ (ಅದರದೇ ಫಾಂಟಿಗೆ ಕಟ್ಟುಬಿದ್ದ) ಬರಹದಲ್ಲಿ ಅದು ಅಕ್ಷರದ ನಂತರ ಕೂತಿರುತ್ತದೆ, ಯುನಿಕೋಡ್‌ನಲ್ಲಿ ಮೊದಲು ಬರಬೇಕು. ಪರಿವರ್ತಕ ಅದನ್ನು ಸರಿಯಾಗಿ ಅಕ್ಷರದ ಮೊದಲಿಗೆ ತಾರದಿದ್ದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ. ಪಟ್ಟಿಯಲ್ಲಿ ‘ಕನಾರ್ಟಕ’, ‘ಧಮರ್’ ಅಂತ ಹುಡುಕಿ. ಒಂದು ಸಿಕ್ಕರೂ ಪರಿವರ್ತಕವನ್ನೇ ಬದಲಿಸಿ, ಕೈಯಲ್ಲಿ ತಿದ್ದುತ್ತ ಕೂರಬೇಡಿ. ಇಂಗ್ಲಿಷ್ ಶೀರ್ಷಿಕೆಗಳನ್ನೂ ಅಕ್ಸೆಷನ್ ನಂಬರನ್ನೂ (ಪ್ರತಿ ಪುಸ್ತಕಕ್ಕೆ ಗ್ರಂಥಾಲಯ ಕೊಡುವ ಸಂಖ್ಯೆ) ಪರಿವರ್ತನೆಗೆ ಮೊದಲೇ ಬೇರೆ ಇಡಿ. ಇಲ್ಲದಿದ್ದರೆ ಇಂಗ್ಲಿಷು ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತದೆ. ನಂಬರು ೧೨೩ ಆಗಿಬಿಟ್ಟರೆ ಬಾರ್‌ಕೋಡ್ ತಾಳೆಯಾಗುವುದಿಲ್ಲ.

ಪಟ್ಟಿ ಶುದ್ಧವಾಗಿದ್ದೂ ಸಿಗದಿದ್ದರೆ ಕೋಹಾದ ಹುಡುಕಾಟ ನಡೆಸುವ ಝೀಬ್ರಾ ಇಂಡೆಕ್ಸನ್ನು, ಯುನಿಕೋಡ್ ಲಿಪಿಗಳನ್ನು ಸರಿಯಾಗಿ ಓದುವ ಐಸಿಯು ಕ್ರಮಕ್ಕೆ ಬದಲಿಸಿ ಪೂರ್ತಿ ಮರುಕಟ್ಟಿಸಿ. ಕನ್ನಡಕ್ಕೆ ಅದು ಬೇಕೇ ಬೇಕು.

ನಾನಾದರೆ 6,000 ಒಟ್ಟಿಗೆ ಏರಿಸುವುದಿಲ್ಲ. ಒತ್ತಕ್ಷರ, ಅರ್ಕಾವತ್ತು, ಇನಿಷಿಯಲ್ ತುಂಬಿದ 50 ಸಾಲು ಆಯ್ದು ಲಿಬ್ರೆಆಫೀಸ್‌ನಲ್ಲಿ ಯುಟಿಎಫ್-8 (ಯುನಿಕೋಡ್ ಉಳಿಸುವ ರೂಪ) ಆಗಿ ಉಳಿಸಿ. ಮಾರ್ಕ್‌ಎಡಿಟ್‌ನಲ್ಲಿ (ಮಾರ್ಕ್ ಅಂದರೆ ಪುಸ್ತಕದ ವಿವರಗಳನ್ನು ಸಂಖ್ಯೆ ಕೊಟ್ಟ ಅಂಕಣಗಳಲ್ಲಿ ಬರೆಯುವ ಕ್ರಮ, ಇದು ಅದರ ತಂತ್ರಾಂಶ) ಲೇಖಕರನ್ನು 100ನೇ ಅಂಕಣಕ್ಕೆ, ಶೀರ್ಷಿಕೆಯನ್ನು 245ಕ್ಕೆ, ಪ್ರತಿಯ ವಿವರವನ್ನು 952ಕ್ಕೆ ಕೂರಿಸಿ. ಕೋಹಾದಲ್ಲಿ ಮೊದಲು ಸ್ಟೇಜ್ ಮಾಡಿ (ಪಟ್ಟಿಗೆ ಸೇರಿಸದೆ ತಾತ್ಕಾಲಿಕವಾಗಿ ಇರಿಸಿ), ನೋಡಿ, ಆಮೇಲೆ ಇಂಪೋರ್ಟ್. ತಪ್ಪಿದರೆ ಆ ಕಂತನ್ನಷ್ಟೇ ಹಿಂದೆಗೆದುಕೊಳ್ಳಬಹುದು.

ಇದರ ನಡುವೆ ಒಂದೆರಡು ತೀರ್ಮಾನ ಮಾಡಿಟ್ಟುಕೊಳ್ಳಿ: ಪ್ರಕಟಣಸ್ಥಳ ‘ಶಿರಸಿ’ಯೋ ‘ಸಿರ್ಸಿ’ಯೋ, ಯಕ್ಷಗಾನ ಪ್ರಸಂಗಗಳು ಡ್ಯೂಯಿ ವರ್ಗೀಕರಣದ 792ಕ್ಕೋ (ರಂಗಭೂಮಿ) 894.8142ಕ್ಕೋ (ಕನ್ನಡ ನಾಟಕ). ಯಾವುದಾದರೂ ಸರಿ, ಎಲ್ಲ ಕಡೆ ಒಂದೇ ಇರಲಿ.

ಕೋರ್ಸ್ ಮಾಡುವುದಾದರೆ ಮಾರ್ಕ್ 21 ಕೈಯಾರೆ ಮಾಡಿಸುವುದನ್ನು ಹುಡುಕಿ. ಇಶ್ಯೂ-ರಿಟರ್ನ್ ತೋರಿಸಿ ಮುಗಿಸುವ ಕಾರ್ಯಾಗಾರದಲ್ಲಿ ಪ್ರಮಾಣಪತ್ರ, ಮಧ್ಯಾಹ್ನದ ಊಟ ಎರಡೇ ಸಿಗುವುದು.

ಹಾಂ, ಕೋಹಾ ದಿನಾ ತೆಗೆಯುವ ಬ್ಯಾಕಪ್ ಅದೇ ಯಂತ್ರದಲ್ಲೇ ಕೂತಿರುತ್ತದೆ. ನಿಮ್ಮ ಕಡೆಯ ಮಳೆಗಾಲದ ಕರೆಂಟು ಗೊತ್ತಲ್ಲ, ವಾರಕ್ಕೊಮ್ಮೆಯಾದರೂ ಬೇರೆ ಡಿಸ್ಕಿಗೆ ಎತ್ತಿಡಿ.