ಆತ್ಮಹತ್ಯೆ ಒಬ್ಬರ ಸ್ವಂತ ವಿಷಯ ಅಲ್ವಾ, ಸಾರ್ವಜನಿಕ ಆರೋಗ್ಯದ ಸಮಸ್ಯೆ ಹೇಗಾಗುತ್ತದೆ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 7.27 ಲಕ್ಷ ಜನ ಹೀಗೆ ತೀರಿಹೋದರು. 15ರಿಂದ 29ರ ವಯಸ್ಸಿನವರಲ್ಲಿ ಇದು ಸಾವಿನ ಮೂರನೇ ದೊಡ್ಡ ಕಾರಣ. ಸಾವು ಗಂಡಸರಲ್ಲಿ ಜಾಸ್ತಿ, ಪ್ರಯತ್ನ ಹೆಂಗಸರಲ್ಲಿ. ವಯಸ್ಸಾದವರನ್ನಂತೂ ನಾವು ಮರೆತೇಬಿಡುತ್ತೇವೆ. ಅನೇಕ ದೇಶಗಳಲ್ಲಿ ದರ ಅವರಲ್ಲೇ ಹೆಚ್ಚು. ಸುಮ್ನೆ ಮನಸ್ಸು ಗಟ್ಟಿಯಿಲ್ಲ ಅಂದರೆ ಇದು ಅರ್ಥವಾಗುವುದಿಲ್ಲ. ಖಿನ್ನತೆ, ಸಾಲ, ಒಂಟಿತನ, ಹಿಂಸೆ ಎಲ್ಲ ಸೇರಿರುತ್ತವೆ.

ತಡೆಯಲು ಖಂಡಿತ ಆಗುತ್ತದೆ. ಶ್ರೀಲಂಕಾ ತೀರಾ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿತು. 1995ರಿಂದ 2015ರ ನಡುವೆ ಅಲ್ಲಿನ ಆತ್ಮಹತ್ಯೆ ದರ ಸುಮಾರು 70% ಇಳಿಯಿತು. ಅಂಥ ವಿಷ ಕೈಗೆ ಸಿಗದೆ ಆ ಕಷ್ಟದ ಗಳಿಗೆ ದಾಟಿದರೆ ಹೆಚ್ಚಿನವರು ಬದುಕುತ್ತಾರೆ.

ನಿಮ್ಮವರ ಬಗ್ಗೆ ಅನುಮಾನ ಬಂದರೆ “ಸಾಯಬೇಕು ಅನ್ನಿಸ್ತಿದೆಯಾ?” ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.