ಬೆಂಗಳೂರಿನಲ್ಲಿ ಮೊದಲ ಬಾಡಿಗೆ ಮನೆ. ಓನರ್ ಆರು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದಾರೆ. ಕಾನೂನಿನಲ್ಲಿ ನನಗಿರುವ ಹಕ್ಕುಗಳೇನು?

ನಾನೂ ನಿಮ್ಮ ಹಾಗೇ ಹಕ್ಕುಗಳನ್ನೆಲ್ಲ ಓದಿಕೊಂಡೇ ವಿಜಯನಗರದಲ್ಲಿ ಮನೆ ಹಿಡಿದೆ. ಬಾಡಿಗೆ 14 ಸಾವಿರ, ಅಡ್ವಾನ್ಸ್ ಒಂದು ಲಕ್ಷ. ಎಡವಿದ್ದು ಖಾಲಿ ಮಾಡುವ ದಿನ, ಬೀಗದ ಕೈ ಕೊಟ್ಟು.

ಸಾಮಾನೆಲ್ಲ ಲಗೇಜ್ ಆಟೋಗೆ ಏರಿಸಿದ್ದೆ. ಓನರ್ ಅಂಕಲ್ ಕೆಳಗಿಳಿದು ಬಂದು, "ಕೀ ಕೊಟ್ಟು ಹೋಗಪ್ಪ, ಪೇಂಟರ್ ಬರ್ತಾನೆ. ದುಡ್ಡು ನಾಳೆ ನಾಡಿದ್ದರಲ್ಲಿ ಹಾಕ್ತೀನಿ" ಅಂದರು. ಹಬ್ಬಕ್ಕೆ ಒಬ್ಬಟ್ಟು ಕೊಟ್ಟ ಮನೆ, ಅನುಮಾನ ಪಡೋದು ಹೇಗೆ? ಕೊಟ್ಟೆ. ಆಮೇಲೆ ಫೋನ್ ಮಾಡಿದಾಗಲೆಲ್ಲ "ಹೊಸಬರು ಬರಲಿ, ಅವರ ಅಡ್ವಾನ್ಸಲ್ಲೇ ಕೊಡ್ತೀನಿ." ಕೊನೆಗೆ ವಾಟ್ಸಾಪ್‌ನಲ್ಲಿ ಲೆಕ್ಕದ ಚೀಟಿ ಬಂತು. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ. ಸರಿ, ಅಗ್ರಿಮೆಂಟಿನಲ್ಲೇ ಇತ್ತು. ಅದರ ಕೆಳಗೆ ಸಿಂಕಿನ ನಲ್ಲಿ, ಬಾಗಿಲ ಚಿಲಕ, ರೂಮಿನ ಗೋಡೆ ತೇವ. ಆ ತೇವ ನಾನು ಬರುವ ಮೊದಲೇ ಇತ್ತು. ಬೀರು ಸರಿಸಿದರೆ ಸುಣ್ಣ ಉಬ್ಬಿ ಪುಡಿ ಉದುರುತ್ತಿತ್ತು. ಆದರೆ ತೋರಿಸೋಕೆ ಒಳಗೆ ಹೋಗಬೇಕಲ್ಲ? ಅಷ್ಟರಲ್ಲಿ ಹೊಸ ಬಣ್ಣವೂ ಬಿದ್ದಿತ್ತು. ಮೊದಲೇ ಫೋಟೋ ತೆಗೆದಿಡಿ ಅಂತ ಎಲ್ಲರೂ ಹೇಳುತ್ತಾರೆ. ತೆಗೆದಿಡಿ, ಆದರೆ ಫೋಟೋ ನೋಡಿ ಯಾವ ಓನರೂ ದುಡ್ಡು ಕೊಡಲ್ಲ. ಕೀ ನಿಮ್ಮ ಹತ್ತಿರ ಇರೋವರೆಗೆ ಅವಸರ ಅವರಿಗೆ, ಕೊಟ್ಟ ಮೇಲೆ ಅವಸರ ನಿಮಗೆ. ಇಬ್ಬರೂ ಹಾಲ್‌ನಲ್ಲಿ ನಿಂತು ಲೆಕ್ಕ ಮುಗಿಸಿ, ದುಡ್ಡು ಖಾತೆಗೆ ಬಂದ ಮೆಸೇಜ್ ನೋಡಿಯೇ ಕೀ ಕೊಡಿ. ನನಗೆ ವಾಪಸ್ ಬಂದಿದ್ದು 61 ಸಾವಿರ.

ಇನ್ನು ನಿಮ್ಮ ಹಕ್ಕು. ಎರಡೇ ತಿಂಗಳ ಅಡ್ವಾನ್ಸ್ ಅನ್ನೋದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಮಾತು. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೇ. ನಮ್ಮ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗೆ ಅನ್ವಯಿಸುವುದೇ ಇಲ್ಲ. ಆ ದುಡ್ಡಿಗೆ ಈಗ ಪಿಜಿಯೂ ಸಿಗಲ್ಲ ಬಿಡಿ. ಬಳಸಿ ಸವೆದದ್ದಕ್ಕೆ ಬಾಡಿಗೆದಾರ ಹೊಣೆಯಲ್ಲ ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿದೆ. ಆದರೆ ಅಗ್ರಿಮೆಂಟಿನಲ್ಲಿ ಬೇರೆ ಬರೆದಿದ್ದರೆ ಅದೇ ನಡೆಯುತ್ತೆ. ಹಾಗಾಗಿ ಹಕ್ಕು ಹುಡುಕೋದು ಬಿಟ್ಟು ಆ ಹನ್ನೊಂದು ತಿಂಗಳ ಅಗ್ರಿಮೆಂಟನ್ನು ಸಾಲು ಸಾಲಾಗಿ ಓದಿ. ಪೇಂಟಿಂಗ್ ಬಿಟ್ಟು ಇನ್ನೇನು ಹಿಡಿಯುತ್ತಾರೆ, ಅಡ್ವಾನ್ಸ್ ಯಾವತ್ತು ವಾಪಸ್, ಎರಡನ್ನೂ ಸಹಿಗೆ ಮುಂಚೆ ಬರೆಸಿ. ನೀವೂ ಬಾಡಿಗೆ ಬ್ಯಾಂಕಿನಲ್ಲೇ ಹಾಕಿ, ಬೆಸ್ಕಾಂ ಬಿಲ್ ಬಾಕಿ ಇಡಬೇಡಿ, ಬಿಡುವಾಗ ನೋಟಿಸ್ ಬರಹದಲ್ಲೇ ಕೊಡಿ.

ಆರು ತಿಂಗಳಿಗೆ ಒಪ್ಪುವ ಮೊದಲು ನಾಲ್ಕಕ್ಕೆ ಕೇಳಿ ನೋಡಿ. ಸುಮಾರು ದಿನದಿಂದ ಟು-ಲೆಟ್ ಬೋರ್ಡ್ ನೇತಾಡುತ್ತಿರುವ ಮನೆಯಾದರೆ ಬಗ್ಗುತ್ತಾರೆ.